ಚಳಿಯಲ್ಲಿ ರಬ್ಬರು ಆಡುವ ಮಾತು

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಅಕ್ಟೋಬರ್ ಬಂತೆಂದರೆ ಟೈರು ಅಂಗಡಿಗಳಿಗೆ ಬಿಡುವಿಲ್ಲ. ಬೇಸಿಗೆಯ ಟೈರು ಬಿಚ್ಚಿಸಿ ಚಳಿಗಾಲದ್ದನ್ನು ಹಾಕಿಸಿಕೊಳ್ಳುವ ಕಾಲ ಅದು. ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ಚಳಿ ಟೈರು ಎಂಬುದು ಅಲ್ಲಿನವರ ರೂಢಿ. ಪೋರ್ಷೆ ಕಂಪನಿಯ ಊರೂ ಅದೇ ಆದ್ದರಿಂದ ಸಾಲಿನಲ್ಲಿ 911ರಂಥ ಸ್ಪೋರ್ಟ್ಸ್ ಕಾರುಗಳಿಗೆ ಬರವಿಲ್ಲ. ಚಳಿ ಟೈರು ಹಾಕಿಸಿದ ಮೇಲೆ ಅವುಗಳ ಒಡೆಯರು ಹೇಳುವುದು ಎರಡು ದೂರು: ಸ್ಟಿಯರಿಂಗ್ ಮೆತ್ತಗಾಯಿತು, ಸದ್ದು ಹೆಚ್ಚಾಯಿತು. ಮೊದಲನೆಯದು ನಿಜ. ಎರಡನೆಯದರಲ್ಲಿ ಟೈರಿಗೆ ಅರ್ಧ ಅನ್ಯಾಯವಾಗಿದೆ.

ಹಿಡಿತದಿಂದ ಶುರು ಮಾಡೋಣ. ಸುಮಾರು 1500 ಕಿಲೋ ತೂಗುವ ಕಾರಿನ ಟೈರುಗಳಲ್ಲಿ 2.5 ಬಾರ್ ಗಾಳಿ ಇದ್ದರೆ, ಒಂದೊಂದು ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ 150 ಚದರ ಸೆಂಟಿಮೀಟರ್. ಟೈರು ಅಗಲವಾದರೆ ಈ ಜಾಗ ಬಹಳವೇನೂ ಹಿಗ್ಗುವುದಿಲ್ಲ, ಆಕಾರ ಬದಲಾಗುತ್ತದೆ ಅಷ್ಟೇ: ಉದ್ದ ಕುಗ್ಗಿ ಅಗಲ ಹೆಚ್ಚುತ್ತದೆ. ವೇಗ ಹೆಚ್ಚಿಸುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಅಷ್ಟೇ ಜಾಗದಲ್ಲಿ ನಡೆಯಬೇಕು.

ಅಲ್ಲಿ ರಬ್ಬರು ಮಾಡುವ ಕೆಲಸ ಎರಡು. ಡಾಂಬರಿನ ಜಲ್ಲಿಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಕ್ಕೆ ಅದು ಮಡಿಚಿ ಕೂರುತ್ತದೆ. ಅಲ್ಲಿಂದ ಜಾರುವಾಗ ಮೊದಲಿನ ಆಕಾರಕ್ಕೆ ಮರಳಲು ತುಸು ತಡಮಾಡುತ್ತದೆ, ಆ ತಡದಲ್ಲಿ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಈ ಸೋರಿಕೆಯೇ ಹಿಡಿತದ ದೊಡ್ಡ ಪಾಲು. ಉಳಿದದ್ದು, ರಬ್ಬರಿನ ಅಣುಗಳು ಕಲ್ಲಿನ ಮೇಲ್ಮೈಗೆ ಕ್ಷಣಕಾಲ ಅಂಟಿ ಬಿಡುವುದರಿಂದ ಬರುವಂಥದ್ದು. ಎರಡಕ್ಕೂ ರಬ್ಬರು ಮೆದುವಾಗಿರಬೇಕು. ಸ್ಪೋರ್ಟ್ಸ್ ಕಾರಿನ ಬೇಸಿಗೆ ಟೈರನ್ನು ಬಿಸಿ ರಸ್ತೆಗಾಗಿ, ಬಿಸಿಯಾದಷ್ಟೂ ಕಚ್ಚಿ ಹಿಡಿಯುವಂತೆ ಬೆರೆಸಿರುತ್ತಾರೆ. ಚಳಿಯಲ್ಲಿ ಅದು ಬಿರುಸಾಗುತ್ತದೆ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುವ ಹಾಗೆ ಒಂದು ಗೊತ್ತಾದ ಬಿಂದುವಿನಲ್ಲಿ ಅಲ್ಲ, ಕಣ್ಣಿಗೆ ಕಾಣದಂತೆ, ಡಿಗ್ರಿ ಡಿಗ್ರಿಯಾಗಿ. ಹೀಗಾಗಿ ಎಲ್ಲರೂ ಹೇಳುವ 7 ಡಿಗ್ರಿ ಸೆಲ್ಸಿಯಸ್ ಒಂದು ಗಡಿಗೆರೆಯಲ್ಲ, ನೆನಪಿಗೆ ಸುಲಭವಾದ ಅಂದಾಜು. ಶೂನ್ಯಕ್ಕಿಂತ ಬಹಳ ಕೆಳಗೆ ತಣಿದ ರೇಸಿಂಗ್ ಮಾದರಿಯ ಟೈರನ್ನು ಹಾಗೇ ಉರುಳಿಸಿದರೆ ಮೇಲ್ಮೈ ಬಿರಿಯಬಹುದೆಂದು ತಯಾರಕರೇ ಎಚ್ಚರಿಸುತ್ತಾರೆ.

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿ ವರ್ಷವಿಡೀ ಒಂದೇ ಟೈರಿನಲ್ಲಿ ಓಡಾಡಿ, ಆಮೇಲೆ ಕೆಲಸಕ್ಕೆಂದು ಸ್ಟುಟ್‌ಗಾರ್ಟ್‌ಗೋ ಮ್ಯೂನಿಕ್‌ಗೋ ಹೋದ ಕನ್ನಡಿಗರಿಗೆ ಎರಡು ಜೊತೆ ಟೈರು ದುಂದಾಗಿ ಕಂಡರೆ ಆಶ್ಚರ್ಯವಿಲ್ಲ.

ಚಳಿ ಟೈರಿನ ಮಿಶ್ರಣ ಶೂನ್ಯಕ್ಕಿಂತ ಕೆಳಗೂ ಮೆದುವಾಗಿ ಉಳಿಯುತ್ತದೆ. ಅದರ ಗುಟ್ಟುಗಳಲ್ಲಿ ಮುಖ್ಯವಾದದ್ದು ಕಾಡಿಗೆಯ ಬದಲು ಸೇರಿಸುವ ಸಿಲಿಕಾ ಪುಡಿ. ಟೈರಿನ ಮೈಮೇಲೆ ಎದ್ದು ನಿಂತ ರಬ್ಬರಿನ ಗಟ್ಟೆಗಳಲ್ಲಿ ಕೂದಲೆಳೆಯಂಥ ನೂರಾರು ಸೀಳುಗಳಿರುತ್ತವೆ. ಹಿಮದ ಮೇಲೆ ಉರುಳುವಾಗ ಸೀಳುಗಳು ಬಾಯಿಬಿಟ್ಟು ಅಂಚಿನಿಂದ ಕೆರೆಯುತ್ತವೆ, ಗಟ್ಟೆಗಳ ನಡುವಿನ ಚಡಿಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ. ತುಂಬಿಕೊಂಡ ಹಿಮವೇ ನೆಲದ ಹಿಮವನ್ನು ಹಿಡಿಯುತ್ತದೆ. ಹಿಮಕ್ಕೆ ಹಿಮ ಅಂಟುವಷ್ಟು ಚೆನ್ನಾಗಿ ರಬ್ಬರು ಅಂಟದು. ಹಾಗಾಗಿ ಚಡಿಯಲ್ಲಿ ಹಿಮ ಮೆತ್ತಿಕೊಂಡ ಟೈರು ಕೊಳಕಾಗಿ ಕಂಡರೂ ಸರಿಯಾಗಿಯೇ ದುಡಿಯುತ್ತಿದೆ. ಬೇಸಿಗೆ ಟೈರಿನ ಅಗಲವಾದ ನುಣುಪು ಗಟ್ಟೆಗಳಿಗೆ ಈ ಆಟ ಗೊತ್ತಿಲ್ಲ.

ಇದಕ್ಕೆ ತೆರುವ ಬೆಲೆಯೇ ಆ ಮೊದಲ ದೂರು. ಸೀಳಿದ ಮೆದು ಗಟ್ಟೆಗಳು ಒಣ ರಸ್ತೆಯ ತಿರುವಿನಲ್ಲಿ ಓಲಾಡುತ್ತವೆ. ಸ್ಟಿಯರಿಂಗ್ ತಿರುಗಿಸಿದ್ದಕ್ಕೂ ಕಾರು ತಿರುಗುವುದಕ್ಕೂ ನಡುವೆ ಅರೆಕ್ಷಣದ ಸಂಕೋಚ ಸೇರಿಕೊಳ್ಳುತ್ತದೆ. 911 ಓಡಿಸುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ಒಣ ಡಾಂಬರಿನ ಮೇಲೆ ಘರ್ಷಣೆಯ ಗುಣಾಂಕ 0.9 ಎಂದಿಟ್ಟುಕೊಂಡರೆ ಕಾರು 11 ಮೀಟರಿನಲ್ಲಿ ನಿಲ್ಲುತ್ತದೆ. ಒತ್ತಿದ ಹಿಮದ ಮೇಲೆ 0.25 ಎಂದರೆ 39 ಮೀಟರ್. ನುಣುಪು ಮಂಜುಗಡ್ಡೆಯ ಮೇಲೆ 0.1 ಎಂದರೆ 98 ಮೀಟರ್. ಇಲ್ಲಿ ಎಂಜಿನ್ನಿನ ಕುದುರೆಶಕ್ತಿಗೆ ಜಾಗವೇ ಇಲ್ಲ. ನಾಲ್ಕೂ ಗಾಲಿಗೆ ಎಂಜಿನ್ ಜೋಡಿಸಿದ ಕಾರು ಹೊರಡುವಾಗ ಚುರುಕು, ನಿಲ್ಲುವಾಗ ಉಳಿದವರ ಹಾಗೆಯೇ. ಕಂದಕಕ್ಕೆ ಇಳಿದ ಎಷ್ಟೋ ಕಾರುಗಳ ಹಿಂದೆ ಈ ತಪ್ಪು ಧೈರ್ಯ ಇರುತ್ತದೆ.

ಎಂಜಿನ್ನನ್ನು ಹಿಂದೆ ಹೊತ್ತ 911ಗೆ ಚಳಿಯಲ್ಲಿ ಒಂದು ಅನುಕೂಲವುಂಟು. ತಳ್ಳುವ ಗಾಲಿಗಳ ಮೇಲೇ ಭಾರ ಕೂತಿರುವುದರಿಂದ ಹಿಮದಲ್ಲಿ ಅದು ತಡವರಿಸದೆ ಹೊರಡುತ್ತದೆ. ಮೊನಾಕೋದ ಮೇಲಣ ಆಲ್ಪ್ಸ್ ಬೆಟ್ಟದಾರಿಗಳಲ್ಲಿ ಪ್ರತಿ ಜನವರಿ ನಡೆಯುವ ಮಾಂಟೆಕಾರ್ಲೋ ರ‍್ಯಾಲಿಯನ್ನು 1968ರಲ್ಲಿ ವಿಕ್ ಎಲ್ಫರ್ಡ್, 1969 ಮತ್ತು 1970ರಲ್ಲಿ ಬ್ಯೋರ್ನ್ ವಾಲ್ಡೆಗೋರ್ಡ್ 911ರಲ್ಲೇ ಗೆದ್ದರು. ಆ ರ‍್ಯಾಲಿಯ ಒಂದೇ ಹಂತದಲ್ಲಿ ಒಣ ಡಾಂಬರು, ಹಿಮ, ಮಂಜುಗಡ್ಡೆ ಮೂರೂ ಸಿಗುತ್ತವೆ. ಯಾವ ಟೈರು ಹಾಕಿದರೂ ಎಲ್ಲೋ ಒಂದು ಕಡೆ ಅದು ತಪ್ಪೇ. ಅದಕ್ಕೆಂದೇ ತಂಡಗಳು ದಾರಿ ನೋಡಿಬರಲು ಮುಂದಾಗಿ ಬೇರೆ ಕಾರು ಕಳಿಸುತ್ತವೆ. 1968ರಲ್ಲಿ ಪ್ರೇಕ್ಷಕರು ಮೋಜಿಗೆಂದು ರಸ್ತೆಗೆ ಎರಚಿದ್ದ ಹಿಮದ ಮೇಲೆ ಜಾರಿ ಜೆರಾರ್ ಲಾರೂಸ್ ಅವರ ಆಲ್ಪೀನ್ ಕಾರು ಸ್ಪರ್ಧೆಯಿಂದಲೇ ಹೊರಬಿತ್ತು. ದಾರಿ ನೋಡಿಬರುವವರಿಗೆ ಅಂಥದ್ದು ಹೇಗೆ ಕಂಡೀತು!

ಇನ್ನು ಸದ್ದಿನ ದೂರು. ಗಂಟೆಗೆ ಸುಮಾರು 40–50 ಕಿಲೋಮೀಟರ್ ದಾಟಿತೆಂದರೆ, ಸಾಮಾನ್ಯ ಕಾರಿನಿಂದ ಬೀದಿಗೆ ಬರುವ ಸದ್ದಿನಲ್ಲಿ ಎಂಜಿನ್ನಿಗಿಂತ ಟೈರಿನದೇ ಮೇಲುಗೈ. ಗಟ್ಟೆಗಳು ನೆಲಕ್ಕೆ ಬಡಿದು ಟೈರಿನ ಮೈ ಕಂಪಿಸುತ್ತದೆ, ಚಡಿಯಲ್ಲಿ ಸಿಕ್ಕಿದ ಗಾಳಿ ಹಿಂಡಿ ಹೊರಚಿಮ್ಮುತ್ತದೆ. ಟೈರು ನೆಲ ಮುಟ್ಟುವ ಸಂದಿಯೋ ಕಹಳೆಯ ಬಾಯಿಯ ಆಕಾರದ್ದು, ಹುಟ್ಟಿದ ಸದ್ದನ್ನು ಅದು ಇನ್ನೂ ಜೋರು ಮಾಡುತ್ತದೆ. ಗಟ್ಟೆಗಳೆಲ್ಲ ಒಂದೇ ಅಳತೆಯಿದ್ದರೆ ಕಾರು ಸೈರನ್ನಿನಂತೆ ಒಂದೇ ಸ್ವರದಲ್ಲಿ ಊಳಿಟ್ಟೀತು. ಅದಕ್ಕೆಂದೇ ಅವುಗಳ ಉದ್ದವನ್ನು ಬೇಕೆಂದೇ ಹೆಚ್ಚುಕಡಿಮೆ ಮಾಡಿರುತ್ತಾರೆ.

ಯುರೋಪಿನ ಕಾನೂನಿನ ಸದ್ದಿನ ಮಿತಿಗಳನ್ನೇ ನೋಡಿ. 185 ಮಿಲಿಮೀಟರ್‌ವರೆಗಿನ ಅಗಲದ ಕಾರಿನ ಟೈರಿಗೆ 70 ಡೆಸಿಬೆಲ್, 275 ಮಿಲಿಮೀಟರ್ ಮೀರಿದ ಟೈರಿಗೆ 74. ಚಳಿ ಟೈರು ಎಂಬ ಕಾರಣಕ್ಕೆ ಕೊಡುವ ರಿಯಾಯಿತಿ ಬರೀ 1 ಡೆಸಿಬೆಲ್. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿ ಎಂಬುದನ್ನು ನೆನೆದರೆ, ಸ್ಪೋರ್ಟ್ಸ್ ಕಾರಿನ ಗದ್ದಲದಲ್ಲಿ ಅಗಲದ ಪಾಲು ಎಷ್ಟು, ಚಳಿ ಟೈರಿನ ಪಾಲು ಎಷ್ಟು ಎಂದು ಗೊತ್ತಾಗುತ್ತದೆ. 911ರ ಹಿಂಗಾಲಿಯ ಟೈರು 300 ಮಿಲಿಮೀಟರ್ ಆಸುಪಾಸಿನದು.

ಜೊತೆಗೆ ಹೋಲಿಕೆಯೇ ಸರಿಯಿಲ್ಲ. ಬೇಸಿಗೆ ಟೈರಿನ ಸದ್ದನ್ನು ಸೆಪ್ಟೆಂಬರಿನ ಬೆಚ್ಚನೆಯ ಒಣ ರಸ್ತೆಯಲ್ಲಿ ಕೇಳಿದವರು, ಚಳಿ ಟೈರಿನದನ್ನು ನವೆಂಬರಿನ ತಣ್ಣನೆಯ ಒದ್ದೆ ರಸ್ತೆಯಲ್ಲಿ ಕೇಳುತ್ತಾರೆ. ಉಷ್ಣತೆ ಇಳಿದಂತೆ ಯಾವ ಟೈರಾದರೂ ಗಡಸಾಗಿ ಹೆಚ್ಚು ಸದ್ದು ಮಾಡುತ್ತದೆ, ಡಿಗ್ರಿಗೆ ಸುಮಾರು 0.1 ಡೆಸಿಬೆಲ್‌ನಂತೆ. 20 ಡಿಗ್ರಿ ಇಳಿದರೆ 2 ಡೆಸಿಬೆಲ್ ಅಲ್ಲೇ ಬಂತು. ನೀರಿನ ಸಿಡಿತದ ಸದ್ದು ಬೇರೆ. ಬೇಸಿಗೆ ಟೈರನ್ನೇ ನವೆಂಬರಿನಲ್ಲಿ ಉಳಿಸಿಕೊಂಡಿದ್ದರೆ ಅದೂ ಬೊಬ್ಬಿಡುತ್ತಿತ್ತು. ಅದಕ್ಕೆ ಇನ್ನೊಂದು ಚಾಳಿಯೂ ಇದೆ. ಚಳಿಯ ಬೆಳಿಗ್ಗೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಪಾರ್ಕಿಂಗ್‌ನಿಂದ ಹೊರಬರುವಾಗ ಬಿರುಸಾದ ಅಗಲ ಟೈರು ಉರುಳುವ ಬದಲು ಕುಪ್ಪಳಿಸುತ್ತದೆ. ಏನೋ ಮುರಿಯಿತೆಂದು ಗಾಬರಿಯಾಗುವಷ್ಟು. ರಾತ್ರಿಯಿಡೀ ನಿಂತು ತಳ ಚಪ್ಪಟೆಯಾದ ಟೈರು ಬಿಸಿಯೇರುವ ತನಕ ಧಡಧಡಿಸುವುದೂ ಚಳಿಯಲ್ಲೇ ಹೆಚ್ಚು. ಈ ಎರಡಕ್ಕೂ ಮೆಕ್ಯಾನಿಕ್ ಬೇಕಿಲ್ಲ. ಗಾಳಿ ನೋಡಿಕೊಂಡರೆ ಒಳ್ಳೆಯದು: ಉಷ್ಣತೆ 10 ಡಿಗ್ರಿ ಇಳಿದರೆ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ.

ಹೆದರಬೇಕಾದ್ದು ಸದ್ದಿಗಲ್ಲ, ಅದು ತಟ್ಟನೆ ಅಡಗಿದಾಗ. ಡಾಂಬರಿನ ಬಣ್ಣವೇ ಕಾಣುವಷ್ಟು ತೆಳುವಾದ ಮಂಜುಗಡ್ಡೆಯ ಪೊರೆಯ ಮೇಲೆ ಗಾಲಿ ಹತ್ತಿದ ಕೂಡಲೇ ಬಡಿಯಲು ಜಲ್ಲಿಯಿಲ್ಲ, ಕಚ್ಚಲು ಉಬ್ಬುತಗ್ಗಿಲ್ಲ. ಸದ್ದೂ ಹಿಡಿತವೂ ಒಟ್ಟಿಗೇ ಹೋಗುತ್ತವೆ, ಸ್ಟಿಯರಿಂಗ್ ಹಗುರಾಗುತ್ತದೆ. ಆಗ ಬ್ರೇಕನ್ನೂ ಒತ್ತದೆ, ಸ್ಟಿಯರಿಂಗನ್ನೂ ಎಳೆಯದೆ ನಯವಾಗಿ ಆಕ್ಸಿಲರೇಟರ್‌ನಿಂದ ಕಾಲೆತ್ತಬೇಕು. ಸಂಗೀತ ಜೋರಾಗಿ ಹಾಕಿಕೊಂಡು ಓಡಿಸುವವರಿಗೆ ಈ ಸುಳಿವು ಸಿಗುವುದಿಲ್ಲ. ಪೋರ್ಷೆಯ ಎಂಜಿನಿಯರುಗಳು ಕಿವಿಯ ಈ ಕೆಲಸವನ್ನು ಯಂತ್ರಕ್ಕೂ ಕೊಟ್ಟಿದ್ದಾರೆ: 2018ರ ಕೊನೆಗೆ ತೋರಿಸಿದ ಹೊಸ 911ರ ಮುಂಗಾಲಿಗಳ ಗೂಡಿನಲ್ಲಿ ಸದ್ದು ಆಲಿಸುವ ಸಂವೇದಕಗಳಿವೆ. ಗಾಲಿ ಎರಚುವ ನೀರಿನ ಸದ್ದು ಕೇಳಿ ರಸ್ತೆ ಒದ್ದೆಯೆಂದು ಅವು ಪತ್ತೆಹಚ್ಚಿ ಚಾಲಕರನ್ನು ಎಚ್ಚರಿಸುತ್ತವೆ. ಮಂಜುಗಡ್ಡೆ ನೀರು ಎರಚುವುದಿಲ್ಲವಲ್ಲ, ಅಲ್ಲಿಗೆ ಚಾಲಕರ ಕಿವಿಯೇ ಗತಿ.

ಕಾನೂನಿನ ಮಾತು ಚುಟುಕಾಗಿ ಹೇಳಬಹುದು. ಜರ್ಮನಿಯಲ್ಲಿ 2010ರ ಡಿಸೆಂಬರಿನಿಂದ ಹಿಮ, ಮಂಜುಗಡ್ಡೆ, ಕೆಸರುಹಿಮ ಇದ್ದ ರಸ್ತೆಯಲ್ಲಿ ಚಳಿ ಟೈರು ಕಡ್ಡಾಯ. ತಾರೀಖಿಗಲ್ಲ, ರಸ್ತೆಯ ಸ್ಥಿತಿಗೆ ನಿಯಮ. 2024ರ ಅಕ್ಟೋಬರಿನಿಂದ ಮೂರು ಶಿಖರದ ಬೆಟ್ಟ ಮತ್ತು ಹಿಮಹರಳಿನ ಗುರುತು ಇದ್ದವಕ್ಕೆ ಮಾತ್ರ ಮಾನ್ಯತೆ. ಕಾರಿನ ಗರಿಷ್ಠ ವೇಗಕ್ಕಿಂತ ಟೈರಿನ ಮಿತಿ ಕಡಿಮೆಯಿದ್ದರೆ ಚಾಲಕರ ಕಣ್ಣೆದುರು ಆ ಮಿತಿಯ ಚೀಟಿ ಅಂಟಿಸಬೇಕು. 300ರ ಹತ್ತಿರ ಓಡಬಲ್ಲ ಕಾರಿನೊಳಗೆ 240 ಎಂಬ ಪುಟ್ಟ ಚೀಟಿ!

ಮತ್ತೆ ಸದ್ದಿನ ಮಾತಿಗೆ ಬಂದರೆ, ಕಾರಿನೊಳಗೆ ಕೇಳುವ ಗುಂಯ್‌ಗುಡುವಿಕೆಗೆ ಇನ್ನೊಂದು ಮೂಲವಿದೆ. ಟೈರಿನ ಒಳಗಿನ ಗಾಳಿಯ ಉಂಗುರ ತಾನೇ ಅನುರಣಿಸುತ್ತದೆ, 20 ಇಂಚಿನ ಗಾಲಿಯಲ್ಲಿ ಸುಮಾರು 180–200 ಹರ್ಟ್ಸ್ ಮಟ್ಟದಲ್ಲಿ. ಅದನ್ನು ಅಡಗಿಸಲು ಕೆಲವು ಟೈರುಗಳ ಒಳಮೈಗೆ ಪಾಲಿಯುರೆಥೇನ್ ಸ್ಪಂಜು ಅಂಟಿಸುತ್ತಾರೆ. ಒಳಗೆ ಕೂತವರಿಗೆ ಅದು ಹಿತ, ರಸ್ತೆಬದಿಯ ಮನೆಯವರಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಅವರಿಗಾಗಿ ಜರ್ಮನಿಯ ಕೆಲವು ಹೆದ್ದಾರಿಗಳಲ್ಲಿ ರಂಧ್ರಮಯ ಡಾಂಬರು ಹಾಕಿದ್ದಾರೆ. ಚಡಿಯಿಂದ ಚಿಮ್ಮುವ ಗಾಳಿ ಆ ರಂಧ್ರಗಳಿಗೆ ಇಳಿದುಹೋಗಿ ಸದ್ದು ತಗ್ಗುತ್ತದೆ. ಆದರೆ ಚಳಿಗಾಲದಲ್ಲಿ ಅದೇ ರಂಧ್ರಗಳಿಗೆ ಉಪ್ಪುನೀರೂ ಇಳಿದುಹೋಗುತ್ತದೆ, ಮಂಜು ಕಟ್ಟದಂತೆ ನೋಡಿಕೊಳ್ಳಲು ಮಾಮೂಲಿಗಿಂತ ಹೆಚ್ಚು ಉಪ್ಪು ಎರಚಬೇಕು. ಕೆಲವು ವರ್ಷಗಳಲ್ಲಿ ಧೂಳು ತುಂಬಿ ರಂಧ್ರ ಮುಚ್ಚಿದರೆ ಸದ್ದು ಮತ್ತೆ ಮೇಲೇಳುತ್ತದೆ. ಬಾಳಿಕೆಯೂ ಕಡಿಮೆ, ಖರ್ಚೂ ಜಾಸ್ತಿ; ಹಾಗಾಗಿ ವಸತಿಗೆ ತಾಗಿದ ಹೆದ್ದಾರಿಯ ತುಣುಕುಗಳಿಗಷ್ಟೇ ಅದನ್ನು ಹಾಕುತ್ತಾರೆ.