ಕೋಚ್ ಮನೆಗೆ, ಬಿಲ್ ಕಾಲೇಜಿಗೆ

ಸೋಲ್ತಿರೋ ಕೋಚ್‌ನ ಮನೆಗೆ ಕಳಿಸೋಕೆ ಎಷ್ಟು ದುಡ್ಡು ಬೇಕು?

ನಮ್ಮ ಮಡಿಕೇರಿ ಕಾಲೇಜುಗಳಲ್ಲಿ ತಂಡ ನೋಡ್ಕೊಳ್ಳೋದು ಪಿ.ಇ. ಮೇಷ್ಟ್ರು.
ಮ್ಯಾಚ್ ಸೋತ್ರೆ ಅವರ ಕೆಲಸಕ್ಕೇನೂ ಕುತ್ತು ಬರಲ್ಲ.

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಹಾಗಲ್ಲ.
ಅಲ್ಲಿ ಕೋಚ್‌ಗೆ ವರ್ಷಗಟ್ಟಲೆ ಕರಾರು.

ಐದು ವರ್ಷಕ್ಕೆ ಗುತ್ತಿಗೆ ಕೊಟ್ಟ ಕಾಫಿ ತೋಟ ಎರಡೇ ವರ್ಷಕ್ಕೆ ವಾಪಸ್ ಬೇಕಂದ್ರೆ?
ಉಳಿದ ಫಸಲಿನ ಲೆಕ್ಕ ಚುಕ್ತಾ ಮಾಡ್ಬೇಕಲ್ವಾ?
ಕರಾರು ಮುಗಿಯೋ ಮುಂಚೆ ಕೋಚ್‌ನ ತೆಗೆದ್ರೂ ಹಾಗೇ.

ಉದಾಹರಣೆಗೆ, ಕೋಚ್ ಕೆವಿನ್ ಓಲಿ.
2014ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದುಕೊಟ್ಟವರು.
ಆದ್ರೆ ಕೊನೆಯ ಎರಡು ಸೀಸನ್, ಗೆಲುವಿಗಿಂತ ಸೋಲೇ ಜಾಸ್ತಿ.
2018ರಲ್ಲಿ ವಜಾ.

ನಿಯಮ ಮುರಿದಿದ್ದಾರೆ, ಕರಾರಿನ ಬಾಕಿ ಕೊಡಲ್ಲ ಅಂತು ವಿಶ್ವವಿದ್ಯಾಲಯ.
ಓಲಿ ಬಿಡಲಿಲ್ಲ.
2022ರಲ್ಲಿ ಮಧ್ಯಸ್ಥಗಾರರ ತೀರ್ಪು ಬಂತು:
1.11 ಕೋಟಿ ಡಾಲರ್ ಕೊಡಿ!
ಆಗಿನ ಲೆಕ್ಕಕ್ಕೆ 80 ಕೋಟಿ ರೂಪಾಯಿಗೂ ಹೆಚ್ಚು.
ಒಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಇದು ಸಣ್ಣ ಏಟಲ್ಲ.

ನಮ್ಮ ದೇಶಕ್ಕೂ ಈ ಬಿಸಿ ತಟ್ಟಿದೆ.
ಭಾರತ ಫುಟ್‌ಬಾಲ್ ತಂಡದ ಕೋಚ್ ಆಗಿದ್ದ ಇಗೊರ್ ಸ್ಟಿಮಾಚ್.
ಕರಾರು 2026ರವರೆಗೆ, ವಜಾ 2024ರ ಜೂನ್‌ನಲ್ಲಿ.
ಫುಟ್‌ಬಾಲ್ ಫೆಡರೇಶನ್ ಮೊದಲು ಕೊಡ್ತೀನಿ ಅಂದಿದ್ದು ಮೂರು ತಿಂಗಳ ಸಂಬಳ.
ಕೊನೆಗೆ ರಾಜಿಯಾಗಿದ್ದು 4 ಲಕ್ಷ ಡಾಲರ್‌ಗೆ.
ಮೂರು ಕೋಟಿ ರೂಪಾಯಿಗೂ ಜಾಸ್ತಿ.
ಎಳೆಯ ಆಟಗಾರರ ತರಬೇತಿಗೆ ಹೋಗಬಹುದಾಗಿದ್ದ ದುಡ್ಡು ಅದು.