ಕಡತಕ್ಕೆ ಸಿಗದ ಎಂಟು ಹಾಸಿಗೆ

1943ರ ಜುಲೈ 31ರ ರಾತ್ರಿ. ಸೋವಿಯತ್ ಒಕ್ಕೂಟದ ದಕ್ಷಿಣದಲ್ಲಿ, ಕುಬಾನ್ ಬಯಲಿನ ಮೇಲೆ ಬಾಂಬ್ ಹಾಕಲು ಹೊರಟ ಪುಟ್ಟ ವಿಮಾನಗಳನ್ನು ಜರ್ಮನರ ಶೋಧದೀಪಗಳು ಹಿಡಿದವು. ಆದರೆ ಎಂದಿನಂತೆ ನೆಲದಿಂದ ತೋಪುಗಳು ಸಿಡಿಯಲಿಲ್ಲ. ಯಾಕೀ ಮೌನ ಎಂದು ಹಿಂದೆ ಬರುತ್ತಿದ್ದವರಿಗೆ ಅರ್ಥವಾಗುವಷ್ಟರಲ್ಲಿ ಮುಂದಿನ ವಿಮಾನಗಳು ಒಂದೊಂದಾಗಿ ಹೊತ್ತಿ ಉರಿದವು. ಜರ್ಮನರು ಅಂದು ಯುದ್ಧವಿಮಾನವನ್ನೇ ಮೇಲಕ್ಕೆ ಕಳುಹಿಸಿದ್ದರು; ಅದಕ್ಕೆ ತಗಲೀತೆಂದು ತೋಪುಗಳು ಸುಮ್ಮನಿದ್ದವು. ನಾಲ್ಕು ವಿಮಾನ, ಎಂಟು ಮಂದಿ. ಎಂಟೂ ಜನ ಹೆಣ್ಣುಮಕ್ಕಳು.

ಕಡತದಲ್ಲಿ ಇಷ್ಟು ಸಿಗುತ್ತದೆ. ಮರಳಿ ಬಂದವರು ಮಲಗಲು ಹೋದಾಗ ಕಣ್ಣಿಗೆ ಬಿದ್ದ, ಮಡಿಸಿಟ್ಟಂತೆಯೇ ಉಳಿದ ಎಂಟು ಹಾಸಿಗೆಗಳು ಅದರಲ್ಲಿಲ್ಲ. ಅವು ಹೊರಲೋಕಕ್ಕೆ ಸಿಕ್ಕಿದ್ದು ಸುಮಾರು ಐವತ್ತು ವರ್ಷಗಳ ನಂತರ, ಮುದುಕಿಯರಾಗಿದ್ದ ಆ ವೈಮಾನಿಕರ ಬಾಯಿಂದ.

ಹೀಗೆ ಕಂಡುಂಡವರ ಮಾತನ್ನೇ ಕೇಳಿ ದಾಖಲಿಸುವುದಕ್ಕೆ ಮೌಖಿಕ ಇತಿಹಾಸ ಎಂದು ಹೆಸರು. ವಿಮಾನಯಾನಕ್ಕೆ ಇದು ಹೇಳಿ ಮಾಡಿಸಿದ ವಿಧಾನ. ರೈಟ್ ಸಹೋದರರು ಹಾರಿದ್ದು 1903ರಲ್ಲಿ. ಟೇಪ್ ರೆಕಾರ್ಡರು ಬಳಕೆಗೆ ಬಂದಾಗ ಆರಂಭಕಾಲದ ಹಾರಾಟಗಾರರಲ್ಲಿ ಅನೇಕರು ಇನ್ನೂ ಬದುಕಿದ್ದರು. 1960ರ ಸುಮಾರಿಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಅಂಥವರ ನೆನಪುಗಳನ್ನು ಸಂಗ್ರಹಿಸಿತು.

ಸೋವಿಯತ್ ಚಾಲಕಿಯರನ್ನು ಹುಡುಕಿಕೊಂಡು ಹೋದವರು ಅಮೆರಿಕದ ಛಾಯಾಗ್ರಾಹಕಿ ಆನ್ ನಾಗಲ್. ಆಕೆಯೂ ಯುದ್ಧಕಾಲದಲ್ಲಿ ತಮ್ಮ ದೇಶದ ವಾಯುಪಡೆಗಾಗಿ ವಿಮಾನ ಹಾರಿಸಿದವರೇ. ಆ ಅಮೆರಿಕನ್ ಚಾಲಕಿಯರಲ್ಲಿ 38 ಮಂದಿ ಸತ್ತಿದ್ದರೂ 1977ರವರೆಗೆ ಸರ್ಕಾರ ಅವರಿಗೆ ಸೈನಿಕರ ಸ್ಥಾನ ಕೊಟ್ಟಿರಲಿಲ್ಲ. ಕೇಳುವವರದೂ ಹೇಳುವವರದೂ ಭಾಷೆ ಬೇರೆ, ಕಸುಬು ಒಂದೇ. ಅದಕ್ಕೇ ಇರಬೇಕು, 1994ರಲ್ಲಿ ಬಂದ ಆಕೆಯ ‘ಎ ಡ್ಯಾನ್ಸ್ ವಿತ್ ಡೆತ್’ ಪುಸ್ತಕದಲ್ಲಿ ಪದಕಗಳಿಗಿಂತ ದಿನನಿತ್ಯದ ಪಾಡೇ ಮನಸ್ಸಿಗೆ ನಾಟುತ್ತದೆ. ಗಂಡಸರ ಅಳತೆಯ ಸಮವಸ್ತ್ರ, ಕಾಲಿಗೆ ನಿಲ್ಲದ ಬೂಟು. ಮರ ಮತ್ತು ಬಟ್ಟೆಯ ಪೊ-2 ವಿಮಾನಕ್ಕೆ ಮೇಲೆ ಮುಚ್ಚಿಗೆಯಿಲ್ಲ. ವೇಗ ಹೆಚ್ಚೆಂದರೆ ಗಂಟೆಗೆ 150 ಕಿ.ಮೀ. ಗುರಿ ಸಮೀಪಿಸಿದೊಡನೆ ಎಂಜಿನ್ನಿನ ಸದ್ದಡಗಿಸಿ, ಗಾಳಿಯಲ್ಲಿ ತೇಲುತ್ತ ಹೋಗಿ ಬಾಂಬ್ ಹಾಕಬೇಕು. ಒಂದೇ ರಾತ್ರಿಯಲ್ಲಿ ಎಂಟು ಹತ್ತು ಸಲ. 1944ರವರೆಗೆ ಪ್ಯಾರಾಚೂಟೂ ಇಲ್ಲ! ಜರ್ಮನರು ಇವರಿಗೆ ಇಟ್ಟ ಹೆಸರು ‘ರಾತ್ರಿಯ ಮಾಟಗಾತಿಯರು’.

ನೆನಪನ್ನು ಪೂರ್ತಿ ನಂಬಬಹುದೇ? ತಾರೀಕು, ಎಣಿಕೆಗಳಲ್ಲಿ ಅದು ಎಡವುತ್ತದೆ. ಅದಕ್ಕೆ ಕಡತವೇ ಬೇಕು. ಹೇಳಿದ್ದೆಲ್ಲ ಅಚ್ಚಾಗುವುದೂ ಇಲ್ಲ. ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಸಂಗ್ರಹಿಸಿದ ಸೋವಿಯತ್ ಯೋಧೆಯರ ಮಾತುಗಳು 1985ರಲ್ಲಿ ಪುಸ್ತಕವಾದಾಗ, ಸೆನ್ಸಾರಿನ ಕತ್ತರಿಗೆ ಸಿಕ್ಕ ಭಾಗಗಳು ಎಷ್ಟೋ ವರ್ಷಗಳ ಮೇಲೆ ಹೊರಬಂದವು.

ನಾಗಲ್ 2005ರಲ್ಲಿ ತೀರಿಕೊಂಡರು. ಮಾಟಗಾತಿಯರ ದಳದ ಹೆಸರಾಂತ ಚಾಲಕಿ ನಾಡೆಜ್ದಾ ಪಪೋವಾ 2013ರಲ್ಲಿ ಹೋದರು. ಆಗ ಅವರಿಗೆ 91 ವರ್ಷ.