ಕರೆದರೆ ಬರುವ ನಾಯಿ: ಮನೆಯಲ್ಲೇ ತರಬೇತಿ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಕಾಡಂಚಿನ ರೈತರಿಗೆ ಹೊಲ, ಕೊಟ್ಟಿಗೆ ಕಾಯಲು ನಾಯಿ ಅವಶ್ಯಕ. ಆದರೆ ಕರೆದರೂ ಬಾರದ ನಾಯಿ ಮೊಲ, ಜಿಂಕೆಗಳ ಬೆನ್ನುಹತ್ತಿ ಬಿಳಿಗಿರಿರಂಗನ ಬೆಟ್ಟ ಅಥವಾ ಮಲೆ ಮಹದೇಶ್ವರ ಬೆಟ್ಟದ ಕಾಡು ಸೇರಿದರೆ ಚಿರತೆಗೆ ತುತ್ತಾಗಬಹುದು. ಕಾಡುಪ್ರಾಣಿಗಳಿಗೆ ರೋಗವನ್ನೂ ಹರಡಬಹುದು. ನಾಯಿ ಬಿಟ್ಟು ಬೇಟೆಯಾಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಆದ್ದರಿಂದ ಓಟ, ಜಿಗಿತಗಳಿಗಿಂತ ಮೊದಲು ‘ಬಾ’ ಎಂಬ ಮಾತನ್ನು ಕಲಿಸಬೇಕು.

ಮರಿಗೆ 2 ತಿಂಗಳಾದಾಗ ತರಬೇತಿ ಆರಂಭಿಸಬಹುದು. ಊಟಕ್ಕೆ ಮುಂಚೆ, ದಿನಕ್ಕೆ ಎರಡು ಬಾರಿ, 5 ನಿಮಿಷ ಸಾಕು. ಹೆಸರು ಹಿಡಿದು ‘ಬಾ’ ಎಂದು ಒಮ್ಮೆ ಮಾತ್ರ ಕರೆಯಬೇಕು. ಬಂದ ಕೂಡಲೇ ರಾಗಿಮುದ್ದೆಯ ಚೂರು ಕೊಟ್ಟು ಬೆನ್ನು ಸವರಬೇಕು. ಮನೆಮಂದಿಯೆಲ್ಲ ಇದೇ ಮಾತನ್ನು ಬಳಸಬೇಕು. ಅಂಗಳದಲ್ಲಿ ಕಲಿತ ಮೇಲೆ ಸುಮಾರು 10 ಮೀಟರ್ ಉದ್ದದ ಹಗ್ಗ ಕಟ್ಟಿ ಹೊಲದಲ್ಲಿ, ಕೊನೆಗೆ ಕುರಿ, ಕೋಳಿಗಳ ಎದುರಿನಲ್ಲಿ ಅಭ್ಯಾಸ ಮಾಡಿಸಬೇಕು. ತಡವಾಗಿ ಬಂದರೂ ಹೊಡೆಯಬಾರದು. ಹೊಡೆದರೆ ಬಂದದ್ದೇ ತಪ್ಪೆಂದು ತಿಳಿದು ಮುಂದೆ ದೂರವೇ ನಿಲ್ಲುತ್ತದೆ. ಒಂದು ವರ್ಷ ತುಂಬುವವರೆಗೆ ಎತ್ತರದ ಜಿಗಿತ ಮಾಡಿಸಬಾರದು. ಬೆಳೆಯುವ ಮೂಳೆ, ಕೀಲುಗಳಿಗೆ ಪೆಟ್ಟಾಗುತ್ತದೆ.

ಮರಿಗೆ 3 ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ನಂತರ ಪಶುವೈದ್ಯರ ಸಲಹೆಯಂತೆ ಪ್ರತಿ ವರ್ಷ ಹಾಕಿಸುತ್ತಿರಬೇಕು. ರಾತ್ರಿ ನಾಯಿಯನ್ನು ಬಯಲಿನಲ್ಲಿ ಕಟ್ಟದೆ ಬಾಗಿಲಿರುವ ಕೊಟ್ಟಿಗೆಯೊಳಗೆ ಬಿಡುವುದು ಕ್ಷೇಮ.